ರಾತ್ರಿ ಜಗಳೂರು ರೋಡಲ್ಲಿ ಏನೂ ಕಾಣುತ್ತಿಲ್ಲ, ಹೆಡ್‌ಲೈಟಿಗೆ ಯಾವ ಬಲ್ಬ್ ಹಾಕಲಿ?

ಜೋಳದ_ಹೊಲ:

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಚಿಕ್ಕ ಪೆಟ್ರೋಲ್ ಕಾರು. ಹೆಡ್‌ಲೈಟಿಗೆ ಎಚ್4 ಬಲ್ಬ್, 60/55 ವ್ಯಾಟ್ (ಹೈಬೀಮಿಗೆ 60, ಡಿಮ್‌ಗೆ 55). ಅವ್ವನಿಗೆ ವಾರಕ್ಕೆ ಮೂರು ಸಲ ದಾವಣಗೆರೆಯಲ್ಲಿ ಡಯಾಲಿಸಿಸ್. ನಮಗೆ ಸಿಕ್ಕಿರುವುದು ಸಂಜೆ ಪಾಳಿ. ಮುಗಿಯುವುದು ಎಂಟೂವರೆಗೆ. ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹಳ್ಳಿ ಸೇರುವಷ್ಟರಲ್ಲಿ ಹತ್ತು ಗಂಟೆ ಆಗಿರುತ್ತದೆ.

ಪೇಟೆ ಬಿಟ್ಟ ಮೇಲೆ ಕಗ್ಗತ್ತಲು. ಈಗ ಮೆಕ್ಕೆಜೋಳದ ಸುಗ್ಗಿ ಬೇರೆ. ಅರ್ಧ ರಸ್ತೆಗೆ ಕಾಳು ಹರವಿ, ಗಾಡಿ ಹತ್ತದಿರಲಿ ಅಂತ ಸುತ್ತ ಕಲ್ಲು ಇಟ್ಟಿರುತ್ತಾರೆ. ನಾನೂ ಜೋಳ ಬೆಳೆಯುವವನೇ, ಕಣ ಇಲ್ಲದವರ ಕಷ್ಟ ಗೊತ್ತು. ಆದರೆ ಆ ಕಲ್ಲು ಕಾಣಬೇಕಲ್ವಾ? ಹೋದ ಬುಧವಾರ ಬಿಳಿಚೋಡು ಹತ್ತಿರ ಕಲ್ಲು ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಬ್ರೇಕ್ ಒತ್ತಿದ ರಭಸಕ್ಕೆ ಅವ್ವ ಸೀಟಿನಿಂದ ಜಾರಿ ಬಿದ್ದಳು. ಸೂಜಿ ಹಾಕಿದ್ದ ಜಾಗದಿಂದ ಮತ್ತೆ ರಕ್ತ ಬಂತು. ಬಟ್ಟೆ ಒತ್ತಿ ಹಿಡಿದುಕೊಂಡು ರಸ್ತೆ ಪಕ್ಕದಲ್ಲೇ ಕೂತಿದ್ದೆ. ಆ ಹದಿನೈದು ನಿಮಿಷ ನನಗೆ ಮರೆಯುವುದಿಲ್ಲ.

ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು 100/90 ವ್ಯಾಟಿನ ಹ್ಯಾಲೊಜೆನ್. ಇನ್ನೊಂದು ಬಿಳಿ ಎಲ್‌ಇಡಿ, ಎರಡು ಬಲ್ಬಿನ ಒಂದು ಜೊತೆಗೆ 3,500 ರೂಪಾಯಿ, ಡಬ್ಬಿ ಮೇಲೆ ಬೆಳಕಿನ ಅಳತೆ 20,000 ಲ್ಯೂಮೆನ್ ಅಂತ ಬರೆದಿದೆ. ಯಾವುದು ಹಾಕಿಸಲಿ? ತಿಳಿದವರು ಹೇಳಿ.

ಪಿಬಿ_ರೋಡ್_ವೈರಿಂಗ್:

ಅಣ್ಣಾ, ಎರಡೂ ಬೇಡ. ದಾವಣಗೆರೆಯಲ್ಲಿ 22 ವರ್ಷದಿಂದ ಗಾಡಿ ವೈರಿಂಗ್ ಮಾಡುತ್ತಿದ್ದೇನೆ. ಇಷ್ಟು ಹಳೆಯ ಗಾಡಿಯಲ್ಲಿ ಸಾಮಾನ್ಯವಾಗಿ ತಪ್ಪು ಬಲ್ಬಿನದಲ್ಲ. ಬಲ್ಬಿಗೆ ಪೂರ್ತಿ ವೋಲ್ಟೇಜ್ ಮುಟ್ಟುತ್ತಿರುವುದಿಲ್ಲ.

ಮೊದಲು ಒಂದು ಕೆಲಸ ಮಾಡಿ. ಇಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಬ್ಯಾಟರಿ ಮೇಲೆ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಮೀಟರ್) ಹಿಡಿಯಿರಿ. 14 ವೋಲ್ಟಿನ ಆಸುಪಾಸು ತೋರಿಸುತ್ತದೆ. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರ್ ಹಿಂದೆ ಹಿಡಿಯಿರಿ. ಅಲ್ಲಿ 12 ಅಂತ ಬಂದರೆ ಕಳ್ಳ ಸಿಕ್ಕಿದ ಹಾಗೆ. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತದೆ. 13.2 ಇರಬೇಕಾದ ಕಡೆ 12 ಇದ್ದರೆ ಕಾಲು ಭಾಗಕ್ಕಿಂತ ಜಾಸ್ತಿ ಬೆಳಕು ಹೋಯಿತು. ಸ್ಟೇರಿಂಗ್ ಕೆಳಗಿನ ಸ್ವಿಚ್, ಸಣ್ಣ ವೈರು, ಹಸಿರು ಕಟ್ಟಿದ ಕನೆಕ್ಟರ್, ತುಕ್ಕು ಹಿಡಿದ ಅರ್ಥ್, ಎಲ್ಲ ಸೇರಿ ದಾರಿಯಲ್ಲೇ ತಿನ್ನುತ್ತವೆ.

ಇದಕ್ಕೆ ಮದ್ದು ರಿಲೇ. ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರು ನೇರ ಬಲ್ಬಿಗೆ ಹೋಗುತ್ತದೆ. ಹಳೆಯ ಸ್ವಿಚ್ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ. ಎಚ್4ಗೆ ಅಂತಲೇ ರೆಡಿ ಕಿಟ್ ಸಿಗುತ್ತದೆ, ಸೆರಾಮಿಕ್ ಹೋಲ್ಡರ್ ಸಮೇತ. ಡಿಮ್‌ಗೆ ಒಂದು ರಿಲೇ, ಹೈಬೀಮಿಗೆ ಒಂದು. ಅರ್ಥ್ ವೈರು ಕಟ್ಟುವ ಜಾಗದಲ್ಲಿ ಪೇಂಟ್ ಕೆರೆಸುವುದನ್ನು ಮಾತ್ರ ಮರೆಯಬೇಡಿ.

100/90 ಯಾಕೆ ಬೇಡ? 55 ವ್ಯಾಟಿನ ಒಂದು ಬಲ್ಬ್ 12 ವೋಲ್ಟಿಗೆ ನಾಲ್ಕೂವರೆ ಆಂಪ್ಸ್ ಎಳೆಯುತ್ತದೆ. 100 ವ್ಯಾಟಿನದು ಎಂಟಕ್ಕಿಂತ ಜಾಸ್ತಿ. ಆ ಹಳೆಯ ವೈರಿನಲ್ಲಿ ಕರಗಿದ ಹೋಲ್ಡರನ್ನು ನಾನೇ ಎಷ್ಟೋ ಸಲ ಕಿತ್ತಿದ್ದೇನೆ. ಬಲ್ಬಿನ ಹಿಂದೆ ಬೆಳಕನ್ನು ಮುಂದಕ್ಕೆ ತಿರುಗಿಸುವ ರಿಫ್ಲೆಕ್ಟರಿನ ಬೆಳ್ಳಿ ಬಣ್ಣವೂ ಸುಟ್ಟು ಕಪ್ಪಾಗುತ್ತದೆ.

ಎಲ್‌ಇಡಿ ಡಬ್ಬಿಯ ಲೆಕ್ಕ ನಂಬಬೇಡಿ. ಸರಿಯಾದ ಎಚ್4 ಬಲ್ಬ್ ಹೈಬೀಮಿನಲ್ಲಿ ಕೊಡುವುದೇ ಸುಮಾರು 1,650 ಲ್ಯೂಮೆನ್, ಡಿಮ್ಮಿನಲ್ಲಿ 1,000. ನಿಮ್ಮ ರಿಫ್ಲೆಕ್ಟರ್ ಮಾಡಿರುವುದು ಆ ಬಲ್ಬಿನ ತಂತಿ ಎಲ್ಲಿದೆಯೋ ಅದಕ್ಕೆ ಸರಿಯಾಗಿ. ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ, ಬೆಳಕು ಮೇಲೆ ಹೋಗದಂತೆ ತಡೆಯುವುದು ಅದೇ. ಎಲ್‌ಇಡಿ ಚಿಪ್ ಆ ಜಾಗಕ್ಕೆ ಕರಾರುವಾಕ್ಕಾಗಿ ಕೂರದಿದ್ದರೆ ಬೆಳಕು ಚೆಲ್ಲಾಪಿಲ್ಲಿ. ಬಾನೆಟ್ ಮುಂದೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ, ಆ ಬಿಳುಪಿಗೆ ಕಣ್ಣಿನ ಪಾಪೆ ಕಿರಿದಾಗಿ ದೂರದ ಕಲ್ಲು ಇನ್ನೂ ಕಾಣುವುದಿಲ್ಲ. ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಕೂಡ ತರಬೇಡಿ, ಆ ಬಣ್ಣ ಬೆಳಕನ್ನೇ ಕುಡಿಯುತ್ತದೆ.

ಒಳ್ಳೆಯ ಕಂಪನಿಯ 60/55 ಬಲ್ಬ್ ಎರಡೂ ಕಡೆ ಒಟ್ಟಿಗೆ ಬದಲಾಯಿಸಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದ ಕಡೆ ಗಾಜು ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ. ಹೆಡ್‌ಲೈಟಿನ ಹೊರಗವಚ ಹಳದಿ ಆಗಿದೆಯಾ ಹೇಳಿ.

ಜೋಳದ_ಹೊಲ:

ಆಗಿದೆ ಅಣ್ಣಾ. ಹಗಲು ನೋಡಿದರೆ ಮಜ್ಜಿಗೆ ಲೋಟದ ಹಾಗೆ ಕಾಣುತ್ತದೆ. ಪೇಸ್ಟ್ ಹಚ್ಚಿ ಉಜ್ಜಿದ್ದೆ, ಒಂದು ತಿಂಗಳಿಗೆ ಮತ್ತೆ ಹಾಗೇ.

ಪಿಬಿ_ರೋಡ್_ವೈರಿಂಗ್:

ಅದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಬಿಸಿಲಿಗೆ ಮೇಲಿನ ಪದರ ಹಾಳಾಗಿದೆ. 1000 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಆಮೇಲೆ 2000, ನೀರು ಹಾಕುತ್ತಾ ಉಜ್ಜಿಸಿ, ಪಾಲಿಶ್ ಮಾಡುವ ಕಾಂಪೌಂಡ್ ಹಾಕಿಸಿ. ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಸಲೇಬೇಕು. ಅದಿಲ್ಲದಿದ್ದರೆ ಸುಮ್ನೆ ದಂಡ.

ದುರ್ಗದ_ಲಾರಿ:

ವೈರಿಂಗ್ ಅಣ್ಣ ಹೇಳಿದ್ದೇ ಸರಿ. ನಾನು ಚಿತ್ರದುರ್ಗದವನು, ಎನ್‌ಎಚ್ 48ರಲ್ಲಿ ಹಿರಿಯೂರು, ಹರಿಹರ, ಹಾವೇರಿ ಅಂತ ರಾತ್ರಿಯೇ ಓಡಿಸುವವನು. ಹೈವೇಯಲ್ಲಾದರೆ ನಡುವೆ ಡಿವೈಡರ್ ಇದೆ. ನಿಮ್ಮದು ಸಿಂಗಲ್ ರೋಡು. ಎದುರಿನವನ ಬಿಳಿ ಲೈಟು ಕಣ್ಣಿಗೆ ಹೊಡೆದರೆ ಎರಡು ಮೂರು ಸೆಕೆಂಡ್ ಏನೂ ಕಾಣುವುದಿಲ್ಲ. ಗಂಟೆಗೆ 60ರಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಷ್ಟು ದೂರ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಅದನ್ನು ನಾವು ಇನ್ನೊಬ್ಬರಿಗೆ ಮಾಡಬಾರದು. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟಿಗೆ ಕೇಸನ್ನೂ ಹಾಕುತ್ತಿದ್ದಾರೆ.

ಇನ್ನೊಂದು ಮಾತು. ಅವ್ವನವರನ್ನು ಹಿಂದೆ ಮಲಗಿಸುತ್ತೀರಿ, ಡಿಕ್ಕಿಯಲ್ಲೂ ಸಾಮಾನು ಇರಬಹುದು. ಹಿಂದೆ ಭಾರ ಬಿದ್ದರೆ ಮುಂದಿನ ಮೂತಿ ಮೇಲೇಳುತ್ತದೆ, ಲೈಟು ಮರದ ತುದಿಗೆ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಗುಂಡಿ ಇದ್ದರೆ 0ಯಿಂದ 1ಕ್ಕೆ ತಿರುಗಿಸಿ, ಲೈಟು ಒಂದು ಮನೆ ಕೆಳಗಿಳಿಯುತ್ತದೆ. ಮುಂದಿನ ಗಾಜನ್ನು ಒಳಗಡೆಯಿಂದಲೂ ಒರೆಸಿ.

ಜೋಳದ_ಹೊಲ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಬ್ಯಾಟರಿ ಮೇಲೆ 14.1 ಇತ್ತು. ಹೋಲ್ಡರಿನಲ್ಲಿ ಎಡಗಡೆ 12, ಬಲಗಡೆ 11.8! ನೋಡಿ ನನಗೇ ನಂಬಿಕೆ ಬರಲಿಲ್ಲ. ಅವ್ವನನ್ನು ಮಷಿನ್‌ಗೆ ಹಾಕಿದ ನಾಲ್ಕು ಗಂಟೆಯಲ್ಲಿ ರಿಲೇ ಕಿಟ್ ಹಾಕಿಸಿದೆ, ಲೆನ್ಸ್ ಉಜ್ಜಿಸಿದೆ, 60/55 ಬಲ್ಬ್ ಒಂದು ಜೊತೆ ಹಾಕಿಸಿದೆ. ಎಲ್ಲ ಸೇರಿ 2,150 ರೂಪಾಯಿ. ಈಗ ಎರಡೂ ಕಡೆ 13.6 ಬರುತ್ತಿದೆ.

ಅವತ್ತು ರಾತ್ರಿ ಬಿಳಿಚೋಡು ಹತ್ತಿರ ಅದೇ ಜಾಗದಲ್ಲಿ ಮತ್ತೆ ಜೋಳ ಹರವಿದ್ದರು. ಕಲ್ಲಿನ ಸಾಲು ದೂರದಿಂದಲೇ ಕಂಡಿತು, ಒಂದೊಂದೂ ಎಣಿಸುವ ಹಾಗೆ. ನಿಧಾನಕ್ಕೆ ಬಲಕ್ಕೆ ತಗೊಂಡು ದಾಟಿದೆ. ಅವ್ವ ಎಚ್ಚರ ಆಗಲೇ ಇಲ್ಲ.

ನಮ್ಮ ಟ್ರೇಲರಿನ ಹಿಂದೆ ಕೆಂಪು ರೇಡಿಯಂ ಟೇಪ್ ಅಂಟಿಸಿದ್ದೇನೆ. ಪಕ್ಕದ ಹೊಲದವರ ಎರಡಕ್ಕೂ ಅಂಟಿಸಿ ಬಂದೆ. ಒಂದು ಮಾತ್ರ ಉಳಿದಿದೆ ಅಣ್ಣಾ, ಬಲಗಡೆ ಲೈಟು ಸ್ವಲ್ಪ ಮೇಲೆ ಹೊಡೆಯುತ್ತಿದೆ. ಎದುರಿನವರು ನನಗೆ ಡಿಪ್ ಕೊಡುತ್ತಿದ್ದಾರೆ.

ಪಿಬಿ_ರೋಡ್_ವೈರಿಂಗ್:

ಸಂತೋಷ ಆಯಿತು. ಸಮತಟ್ಟು ಜಾಗ, ನಿಮ್ಮೂರ ಶಾಲೆಯ ಗೋಡೆ ಸಾಕು. 5 ಮೀಟರ್ ದೂರ ನಿಲ್ಲಿಸಿ. ನೆಲದಿಂದ ಬಲ್ಬ್ ಎಷ್ಟು ಎತ್ತರ ಇದೆಯೋ ಗೋಡೆಗೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗುಂಡಿ 0ಯಲ್ಲಿರಲಿ, ಡಿಮ್ ಹಾಕಿ. ಬೆಳಕಿನ ಮೇಲಂಚು ಆ ಗೆರೆಗಿಂತ 5ರಿಂದ 7 ಸೆಂಟಿಮೀಟರ್ ಕೆಳಗೆ ಬರಬೇಕು. ಎಡಗಡೆ ಅಂಚು ಓರೆಯಾಗಿ ಮೇಲೇರುವುದು ಸರಿಯೇ, ರಸ್ತೆ ಅಂಚು ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಹೆಡ್‌ಲೈಟ್ ಹಿಂದೆ ಪ್ಲಾಸ್ಟಿಕ್ ಸ್ಕ್ರೂ ಇರುತ್ತದೆ, ಕಾಲು ಸುತ್ತು ತಿರುಗಿಸಿ ನೋಡುತ್ತಾ ಹೋಗಿ. ಬರದಿದ್ದರೆ ಅವ್ವನನ್ನು ಕರೆತಂದ ದಿನ ಅಂಗಡಿ ಕಡೆ ಬನ್ನಿ, ಹತ್ತು ನಿಮಿಷದ ಕೆಲಸ, ದುಡ್ಡು ಬೇಡ.