ಅಪ್ಪಂಗೆ ಅನ್ಯೂರಿಸಂ 4.3 ಸೆಂ.ಮೀ. ಅಂತ ಬಂದಿದೆ, ಈಗ್ಲೇ ಆಪರೇಷನ್ ಬೇಕಾ?

ಪ್ರಶ್ನೆ (ರಾಜಾಜಿನಗರದಿಂದ): ಡಾಕ್ಟ್ರೇ ನಮಸ್ಕಾರ. ಅಪ್ಪಂಗೆ 69, ಪ್ರಾಸ್ಟೇಟ್ ತೊಂದ್ರೆಗೆ ಅಂತ ಹೊಟ್ಟೆ ಸ್ಕ್ಯಾನ್ ಮಾಡ್ಸಿದ್ವಿ, ಅದ್ರಲ್ಲಿ ಅಬ್ಡಾಮಿನಲ್ ಅಯೋರ್ಟಿಕ್ ಅನ್ಯೂರಿಸಂ (ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿರೋದು) 4.3 ಸೆಂ.ಮೀ. ಅಂತ ಬಂದಿದೆ. ನೋವು ಗೀವು ಏನಿಲ್ಲ, ಬಿಪಿ ಮಾತ್ರೆ ತಗೋತಾರೆ, ಸಿಗರೇಟ್ ಇನ್ನೂ ಬಿಟ್ಟಿಲ್ಲ. ಚಿಕ್ಕಪ್ಪ ಈ ವಾರನೇ ಆಪರೇಷನ್ ಮಾಡ್ಸಿ ಅಂತಾರೆ, ಅಪ್ಪ ನಂಗೇನಾಗಿದೆ ಸುಮ್ನಿರ್ರೋ ಅಂತಾರೆ.

ಉತ್ತರ (ವ್ಯಾಸ್ಕ್ಯುಲರ್ ಸರ್ಜನ್, ಅಂದ್ರೆ ರಕ್ತನಾಳದ ಸರ್ಜನ್): ಇಬ್ರದ್ದೂ ಅರ್ಧ ಸರಿ. ಹೊಟ್ಟೆಯೊಳಗೆ ಈ ದೊಡ್ಡ ರಕ್ತನಾಳ ಸುಮಾರು 2 ಸೆಂ.ಮೀ. ಅಗಲ ಇರುತ್ತೆ, ಉಬ್ಬಿ 3 ಆದ್ರೆ ಅನ್ಯೂರಿಸಂ ಅಂತೀವಿ. ಗಂಡಸರಿಗೆ 5.5, ಹೆಂಗಸರಿಗೆ 5 ಆದಾಗ, ಇಲ್ಲಾ ವರ್ಷದಲ್ಲಿ 1 ಸೆಂ.ಮೀ. ಬೆಳೆದ್ರೆ, ಇಲ್ಲಾ ನೋವು ಶುರುವಾದ್ರೆ ರಿಪೇರಿ ಬಗ್ಗೆ ಮಾತಾಡೋದು. ಅದಕ್ಕೆ ಮುಂಚೆನೇ ಮಾಡ್ಸಿದ್ರೆ ಜಾಸ್ತಿ ವರ್ಷ ಬದುಕ್ತಾರೆ ಅಂತೇನಿಲ್ಲ, ಇಂಗ್ಲೆಂಡಲ್ಲೂ ಅಮೆರಿಕಾದಲ್ಲೂ ದೊಡ್ಡ ಟ್ರಯಲ್ ಮಾಡಿ ನೋಡಿದಾರೆ. ವರ್ಷಕ್ಕೊಂದು ಅಲ್ಟ್ರಾಸೌಂಡ್ ಸಾಕು, ಆದಷ್ಟೂ ಒಂದೇ ಕಡೆ ಮಾಡ್ಸಿ, ಕೈ ಬದಲಾದ್ರೆ ಅಳತೆ ಎರಡ್ಮೂರು ಮಿ.ಮೀ. ಆಚೀಚೆ ಆಗಿ ಸುಮ್ನೆ ಗಾಬರಿ ಬೀಳ್ತೀರ.

ಆದ್ರೆ ಸಿಗರೇಟ್ ಬಿಡ್ಲೇಬೇಕು, ಇದು ಬೇಗ ಬೆಳೆಯೋದಕ್ಕೂ ಒಡೆಯೋದಕ್ಕೂ ಅದು ದೊಡ್ಡ ಕಾರಣ. ಇನ್ನೊಂದು, ಇದು ಮನೆತನದಲ್ಲಿ ಬರುತ್ತೆ, ಅವಸರ ಮಾಡ್ತಿರೋ ಚಿಕ್ಕಪ್ಪನೂ ಒಂದ್ಸಲ ಸ್ಕ್ಯಾನ್ ಮಾಡ್ಸ್ಕೊಳ್ಲಿ 🙂

ಪ್ರಶ್ನೆ: ಥ್ಯಾಂಕ್ಸ್ ಸಾರ್. ತೊಡೆಸಂದಿಯಿಂದ ಸ್ಟೆಂಟ್ ಹಾಕ್ತಾರಂತಲ್ಲ, ಅದು ಹಾಕ್ಸಿಬಿಟ್ರೆ ಮುಗೀತಲ್ವಾ?

ಉತ್ತರ: ಮುಗಿಯಲ್ಲ. ಅದನ್ನ ಇವಾರ್ ಅಂತಾರೆ, ಬೇಗ ಮನೆಗೆ ಹೋಗ್ಬಹುದು ನಿಜ, ಆದ್ರೆ ಸ್ಟೆಂಟ್ ಪಕ್ಕದಿಂದ ರಕ್ತ ಆ ಉಬ್ಬಿನೊಳಗೆ ಸೋರ್ತಿದ್ಯಾ ಅಂತ ಜೀವನಪೂರ್ತಿ ಸ್ಕ್ಯಾನ್ ಮಾಡ್ಸ್ತಾ ಇರ್ಬೇಕು. ಎಲ್ಲರ ರಕ್ತನಾಳಕ್ಕೂ ಕೂರಲ್ಲ, ಅದಕ್ಕೇ ಮೊದ್ಲು ಸಿಟಿ ಆಂಜಿಯೋ (ರಕ್ತನಾಳದ ಸಿಟಿ ಸ್ಕ್ಯಾನ್) ಮಾಡಿ ನೋಡೋದು. ಹೊಟ್ಟೆ ತೆರೆದು ಮಾಡೋ ಆಪರೇಷನ್ನಲ್ಲಿ ಸುಧಾರಿಸ್ಕೊಳ್ಳೋದು ನಿಧಾನ, ಬಾಳಿಕೆ ಜಾಸ್ತಿ.

ಇನ್ನೊಬ್ಬ ಸದಸ್ಯರು: ಒಡೆದ್ರೆ ಹೆಂಗೆ ಗೊತ್ತಾಗುತ್ತೆ ಡಾಕ್ಟ್ರೇ?

ಉತ್ತರ: ಇದ್ದಕ್ಕಿದ್ದಂಗೆ ಹೊಟ್ಟೇಲಿ ಇಲ್ಲಾ ಬೆನ್ನಲ್ಲಿ ಜೋರು ನೋವು, ಬೆವರು, ತಲೆಸುತ್ತು. ಕಿಡ್ನಿ ಸ್ಟೋನ್ ತರಾನೇ ಇರ್ಬಹುದು, ಎಷ್ಟೋ ಜನ ಮೋಸ ಹೋಗೋದು ಅಲ್ಲೇ. ತಕ್ಷಣ 108ಕ್ಕೆ ಫೋನ್ ಮಾಡಿ, ಅನ್ಯೂರಿಸಂ ಇದೆ ಅಂತ ಮೊದಲನೇ ಮಾತಲ್ಲೇ ಹೇಳಿ, ಸಿಟಿ ಮತ್ತೆ ವ್ಯಾಸ್ಕ್ಯುಲರ್ ಸರ್ಜನ್ ಇರೋ ಆಸ್ಪತ್ರೆಗೇ ಹೋಗಿ, ಬೆಂಗಳೂರು ಟ್ರಾಫಿಕ್‌ನಲ್ಲಿ ಎರಡೆರಡು ಆಸ್ಪತ್ರೆ ಸುತ್ತೋಷ್ಟು ಟೈಮಿರಲ್ಲ.

ರಾಜಾಜಿನಗರದವರಿಗೆ ಒಂದ್ಮಾತು: ಯೂರಾಲಜಿಸ್ಟ್‌ಗೂ ಈ ರಿಪೋರ್ಟ್ ತೋರ್ಸಿ. ಯೂರಿನ್ ಇನ್ಫೆಕ್ಷನ್‌ಗೆ ಸಿಪ್ರೋಫ್ಲಾಕ್ಸಸಿನ್ ತರದ ಆಂಟಿಬಯೋಟಿಕ್ ಬರೆಯೋದು ಮಾಮೂಲಿ, ಅನ್ಯೂರಿಸಂ ಇರೋರಿಗೆ ಬೇರೆ ದಾರಿ ಇದ್ರೆ ಅದು ಬೇಡ ಅಂತ ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ.