ಚರ್ಚೆ: ಹೆದ್ದಾರಿ ಅಗಲವಾಯಿತು, ದಾಟುವವರನ್ನು ಎಣಿಸಿದವರು ಯಾರು?

ಜೇವರ್ಗಿ ಶಿಕ್ಷಕಿ: ಕಲಬುರಗಿ–ಜೇವರ್ಗಿ ಹೆದ್ದಾರಿಯಲ್ಲಿ ನಮ್ಮ ಊರು ಈ ಕಡೆ, ಶಾಲೆ ಆ ಕಡೆ. ನಿನ್ನೆ ಸಂಜೆ ಬಸ್ಸಿಳಿದ ಅಜ್ಜಿಯೊಬ್ಬರು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ತಲೆಯ ಗಂಟನ್ನು ಒಂದು ಕೈಯಲ್ಲಿ ಹಿಡಿದು, ಎರಡು ಸಲ ರಸ್ತೆಗೆ ಕಾಲಿಟ್ಟು ಎರಡು ಸಲವೂ ಹಿಂದೆ ಸರಿದರು. ಕೊನೆಗೆ ನಾನೇ ಕೈಹಿಡಿದು ದಾಟಿಸಿದೆ. ಅವರ ಅಂಗೈ ಬೆವತಿತ್ತು. ರಸ್ತೆ ಯೋಜನೆಗೆ ಲಾರಿ, ಕಾರುಗಳನ್ನು ಎಣಿಸುತ್ತಾರೆ. ಈ ಅಜ್ಜಿ ಯಾವ ಲೆಕ್ಕದಲ್ಲಿದ್ದಾರೆ?

ಹುಮನಾಬಾದ್ ಲಾರಿ ಚಾಲಕ: ಅಕ್ಕಾ, ತಪ್ಪು ರಸ್ತೆಯದಷ್ಟೇ ಅಲ್ಲ. ರಾಶಿ ಕಾಲದಲ್ಲಿ ಅರ್ಧ ರಸ್ತೆಗೆ ತೊಗರಿ ಹರವಿ ಸುತ್ತ ಕಲ್ಲಿಡುತ್ತಾರೆ. ಕಬ್ಬು ಹೇರಿದ ಟ್ರ್ಯಾಕ್ಟರ್‌ನ ಹಿಂದೆ ಒಂದು ಕೆಂಪು ಪಟ್ಟಿಯೂ ಇರುವುದಿಲ್ಲ. ರಾತ್ರಿ ಹತ್ತು ಮಾರು ಹತ್ತಿರ ಬಂದಾಗಲೇ ಅದು ಕಣ್ಣಿಗೆ ಬೀಳುವುದು. ಮೊದಲು ಜನ ಸರಿಯಾಗಲಿ.

ಆಳಂದ ರೈತ: ಕಣ ಎಲ್ಲಿದೆ ತೋರಿಸಿ, ಅಲ್ಲಿಯೇ ಹರವುತ್ತೇವೆ. ಎರೆ ಹೊಲದಲ್ಲಿ ಬಿರುಕಿಗೆ ಕಾಳು ಇಳಿದುಹೋಗುತ್ತದೆ. ಡಾಂಬರು ಬಿಟ್ಟರೆ ಗಟ್ಟಿ ನೆಲವಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ರಸ್ತೆಯ ಜೊತೆಗೆ ಊರಿಗೊಂದು ಒಕ್ಕಣೆ ಕಣವನ್ನೂ ಕಟ್ಟಲಿ. ಕೆಂಪು ಪಟ್ಟಿಯ ಮಾತು ಒಪ್ಪಿದೆ. ನನ್ನ ಟ್ರೈಲರ್‌ಗೆ ನಾಳೆಯೇ ಅಂಟಿಸುತ್ತೇನೆ.

ಸೇಡಂ ಎಂಜಿನಿಯರ್: ರೈತರು ಹೇಳಿದ್ದೇ ನಿಜವಾದ ಯೋಜನೆ. ಈಗ ನಡೆಯುತ್ತಿರುವುದು ಸತ್ತ ಮೇಲಿನ ಚಿಕಿತ್ಸೆ. ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾಗಬೇಕು, ಇಲ್ಲವೇ 10 ಜನ ಸಾಯಬೇಕು. ಆಗ ಆ ಜಾಗ ‘ಕಪ್ಪು ಚುಕ್ಕೆ’, ಅಂದರೆ ಸರಿಪಡಿಸಬೇಕಾದ ಅಪಘಾತ ಸ್ಥಳ ಎನಿಸುತ್ತದೆ. ನಕ್ಷೆ ಕಾಗದದ ಮೇಲಿರುವಾಗಲೇ ಸುರಕ್ಷತಾ ತಪಾಸಣೆ ಮಾಡಿದರೆ ಬಸ್ ತಂಗುದಾಣವನ್ನು ಸರಿಸುವುದಕ್ಕೆ ತಗಲುವುದು ಒಂದು ಗೆರೆ.

ಶಹಾಪುರ ಓದುಗ: ಅಷ್ಟೆಲ್ಲ ಏಕೆ? ಎರಡು ಹಂಪ್ ಹಾಕಿಸಿ.

ಸೇಡಂ ಎಂಜಿನಿಯರ್: ಹಾಗೆ ರಾತ್ರೋರಾತ್ರಿ ಹಾಕಿದ ಹಂಪ್‌ಗೆ ನನ್ನ ಅಣ್ಣನ ಬೈಕ್ ಹಾರಿ ಅವನ ಕಾಲು ಮುರಿಯಿತು. ಬಣ್ಣವಿಲ್ಲ, ಫಲಕವಿಲ್ಲ, ಗೋಡೆಯಂತೆ ನಿಂತಿತ್ತು. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅದೂ ಒಳರಸ್ತೆಗೆ, ಹೆದ್ದಾರಿಗಲ್ಲ.

ಹುಮನಾಬಾದ್ ಲಾರಿ ಚಾಲಕ: ಇದು ಸರಿ. ಹಂಪ್ ಬದಲು ಊರು ಬರುವ ಮೊದಲೇ ರಸ್ತೆ ಕಿರಿದಾಗುತ್ತ ಬಂದರೆ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಆದರೆ ಕೆಟ್ಟ ರಸ್ತೆ ಕಟ್ಟಿದವರನ್ನು ಯಾರು ಕೇಳುತ್ತಾರೆ? ಪ್ರತಿ ಸಲ ಚಾಲಕನ ಹೆಸರೇ ಬರುತ್ತದೆ.

ಸೇಡಂ ಎಂಜಿನಿಯರ್: ಕೇಳಲು ಕಾನೂನಿದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 198ಎ ಕಲಮಿನ ಪ್ರಕಾರ, ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ರಸ್ತೆಯ ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಒಂದು ಜೀವಕ್ಕೆ ಅದು ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಜೇವರ್ಗಿ ಶಿಕ್ಷಕಿ: ಸೋಮವಾರ ಬೆಳಿಗ್ಗೆ 8ರಿಂದ 10ರವರೆಗೆ ತಂಗುದಾಣದಲ್ಲಿ ಕುಳಿತು ದಾಟುವವರನ್ನು ಎಣಿಸುತ್ತೇನೆ: ಮಕ್ಕಳು ಬೇರೆ, ತಲೆಹೊರೆಯವರು ಬೇರೆ. ಆ ಹಾಳೆ ಜಿಲ್ಲಾಧಿಕಾರಿಗಳ ರಸ್ತೆ ಸುರಕ್ಷತಾ ಸಮಿತಿಗೆ ಹೋಗುತ್ತದೆ. ಸಂಜೆಯ ಲೆಕ್ಕಕ್ಕೆ ಯಾರು ಬರುತ್ತೀರಿ?

ಆಳಂದ ರೈತ: ನಾನು ಬರುತ್ತೇನೆ. ಐದು ಗಂಟೆಯ ಬಸ್ಸಿಗೆ.