ಟ್ರಯಲ್ ಪೇಪರ್ ರಿವ್ಯೂಗೆ ಹೋದಮೇಲೆ ಒಳಗೆ ಏನು ನಡೆಯುತ್ತೆ?

ಪ್ರಶ್ನೆ:
ಡಯಾಬಿಟಿಸ್ ಔಷಧದ ರ‍್ಯಾಂಡಮೈಸ್ಡ್ ಟ್ರಯಲ್ (ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಿಗೆ ಹಂಚಿ ಮಾಡೋ ಪರೀಕ್ಷೆ) ಪೇಪರನ್ನ ಜರ್ನಲ್‌ಗೆ ಕಳಿಸಿ ಆರು ವಾರ ಆಯ್ತು. ಪೋರ್ಟಲ್‌ನಲ್ಲಿ ‘ಅಂಡರ್ ರಿವ್ಯೂ’ ಅಂತಲೇ ನಿಂತಿದೆ. ಈಗ ಯಾರು ಏನು ನೋಡ್ತಿರ್ತಾರೆ? ರಿವ್ಯೂವರ್‌ಗಳು ನಮ್ಮ ಮೂಲ ಡೇಟಾ ತರಿಸಿಕೊಂಡು ಲೆಕ್ಕ ಮತ್ತೆ ಹಾಕ್ತಾರಾ?

ಉತ್ತರ 1:
ಸಾಮಾನ್ಯವಾಗಿ ಹಾಕಲ್ಲ. ಬರೆದಿದ್ದನ್ನು ಓದ್ತಾರೆ, ಅಷ್ಟೇ. 2020ರ ಮೇ 22ರಂದು ದಿ ಲ್ಯಾನ್ಸೆಟ್‌ನಲ್ಲಿ ಬಂದ, ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಕೊಡೋದರ ಬಗ್ಗೆ ಇದ್ದ ಪೇಪರ್ ಜೂನ್ 4ಕ್ಕೇ ವಾಪಸಾಯ್ತು. ಅದಕ್ಕೆ ಡೇಟಾ ಕೊಟ್ಟಿದ್ದ ಸರ್ಜಿಸ್ಫಿಯರ್ ಕಂಪನಿ ಮೂಲ ಡೇಟಾ ತೋರಿಸಲು ಒಪ್ಪದಿದ್ದಾಗ, ಸಹಲೇಖಕರೇ ಹಿಂತೆಗೆದುಕೊಂಡರು. ಅದೂ ಪೀರ್ ರಿವ್ಯೂ (ಅದೇ ಕ್ಷೇತ್ರದ ತಜ್ಞರ ಪರಿಶೀಲನೆ) ದಾಟಿ ಬಂದ ಪೇಪರೇ.

ಮೊದಲು ಆಫೀಸಿನವರು ಎಥಿಕ್ಸ್ ಅನುಮತಿ, ಟ್ರಯಲ್ ನೋಂದಣಿ, ಕೃತಿಚೌರ್ಯ ನೋಡ್ತಾರೆ. ಆಮೇಲೆ ಸಂಪಾದಕರ ಮೇಜು. ಬಹಳಷ್ಟು ಪೇಪರ್‌ಗಳು ಅಲ್ಲಿಂದಲೇ ಹಿಂದಕ್ಕೆ. ನಿಮ್ಮದು ಅದನ್ನು ದಾಟಿರಬೇಕು. ತಡವಾಗೋದು ಹೆಚ್ಚಾಗಿ ಒಪ್ಪುವ ರಿವ್ಯೂವರ್ ಸಿಗದೆ. ಎರಡು-ಮೂರು ಜನ ಬೇಕು. ಕೇಳಿದವರಲ್ಲಿ ಅನೇಕರು ಉತ್ತರವನ್ನೇ ಕೊಡಲ್ಲ. ಆರು ವಾರಕ್ಕೆ ಗಾಬರಿ ಬೇಡ.

ಉತ್ತರ 2:
ಕಾಯೋ ಹೊತ್ತಲ್ಲಿ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಸಾರ್ವಜನಿಕ ದಾಖಲೆ) ನೋಂದಣಿಯನ್ನೂ ಪೇಪರನ್ನೂ ಪಕ್ಕಪಕ್ಕ ಇಟ್ಟು ಓದಿ. ನೋಂದಣಿಯಲ್ಲಿ ಮುಖ್ಯ ಫಲಿತಾಂಶ ‘12ನೇ ವಾರದ ಎಚ್‌ಬಿಎ1ಸಿ’ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತಪರೀಕ್ಷೆ) ಅಂತಿದ್ದು, ಪೇಪರ್‌ನಲ್ಲಿ ‘24ನೇ ವಾರದ ಫಾಸ್ಟಿಂಗ್ ಶುಗರ್’ ಆಗಿದ್ದರೆ, ಒಳ್ಳೆಯ ರಿವ್ಯೂವರ್ ಮೊದಲು ಹಿಡಿಯೋದೇ ಅದನ್ನ. ಚೆನ್ನಾಗಿ ಬಂದ ಸಂಖ್ಯೆಯನ್ನು ಆಮೇಲೆ ಆರಿಸಿಕೊಂಡಿದ್ದೀರಿ ಅನ್ನೋ ಅನುಮಾನ ಅಲ್ಲಿಂದ ಶುರು. ಮೊದಲ ರೋಗಿಯನ್ನು ಸೇರಿಸಿಕೊಂಡ ಮೇಲೆ ನೋಂದಣಿ ಆಗಿದ್ದರಂತೂ ಅನೇಕ ಜರ್ನಲ್‌ಗಳು ಮುಟ್ಟೋದೇ ಇಲ್ಲ. ಸಿಟಿಆರ್‌ಐ ಕೂಡ 2018ರ ಏಪ್ರಿಲ್ 1ರಿಂದ ಅಂಥ ತಡವಾದ ನೋಂದಣಿ ನಿಲ್ಲಿಸಿದೆ.

ಅವರು ನೋಡೋ ಇನ್ನೊಂದು ಕಡೆ ಕನ್ಸಾರ್ಟ್ ಫ್ಲೋ ಚಾರ್ಟ್, ಅಂದರೆ ಟ್ರಯಲ್‌ಗೆ ಎಷ್ಟು ಜನ ಸೇರಿದರು, ಎಷ್ಟು ಜನ ಉಳಿದರು ಅಂತ ಹಂತಹಂತವಾಗಿ ತೋರಿಸೋ ಚಿತ್ರ. 120 ಜನರನ್ನು ಹಂಚಿ 108 ಜನರನ್ನು ವಿಶ್ಲೇಷಿಸಿದ್ದರೆ, ಆ 12 ಜನ ಯಾವ ಗುಂಪಿನವರು, ಯಾಕೆ ಬಿಟ್ಟರು ಅನ್ನೋದು ಚಾರ್ಟ್‌ನಲ್ಲಿರಬೇಕು. ಹನ್ನೊಂದು ಜನ ಔಷಧದ ಗುಂಪಿನವರೇ ಆಗಿದ್ದರೆ ಅಡ್ಡಪರಿಣಾಮದ ಪ್ರಶ್ನೆ ಬಂದೇ ಬರುತ್ತೆ.

ಉತ್ತರ 3:
‘ಮೇಜರ್ ರಿವಿಷನ್’ (ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳಿಸಿ) ಅಂತ ಬಂದರೆ ಅದು ಒಳ್ಳೆ ಸುದ್ದಿ, ಬಾಗಿಲು ತೆರೆದೇ ಇದೆ. ಪ್ರತಿ ಟಿಪ್ಪಣಿಯನ್ನು ಪೂರ್ತಿ ನಕಲು ಮಾಡಿ ಕೆಳಗೆ ಉತ್ತರ ಬರೆಯಿರಿ: ‘ರಿವ್ಯೂವರ್ 2, ಟಿಪ್ಪಣಿ 4: ಸ್ಯಾಂಪಲ್ ಸೈಜ್ ಲೆಕ್ಕ ಇಲ್ಲ. ಉತ್ತರ: ಸೇರಿಸಿದ್ದೇವೆ, ಪುಟ 7, ಸಾಲು 12–16.’ ಬರೀ ‘ಸರಿಪಡಿಸಲಾಗಿದೆ’ ಅಂದರೆ ಅವರು ಇಡೀ ಪೇಪರ್ ಮತ್ತೆ ಹುಡುಕಬೇಕು, ತಾಳ್ಮೆ ಅಲ್ಲೇ ಹೋಗುತ್ತೆ. ಒಪ್ಪದ ಟಿಪ್ಪಣಿಗೆ ಕಾರಣ ಕೊಟ್ಟು ಇಲ್ಲ ಅನ್ನಬಹುದು, ಅದರಲ್ಲಿ ತಪ್ಪಿಲ್ಲ. ಉತ್ತರಿಸದೆ ಹಾರಿಸಿಬಿಟ್ಟರೆ ಮಾತ್ರ ಸಂಪಾದಕರ ಕಣ್ಣಿಗೆ ಬೀಳುತ್ತೆ.